ಬಂದ ದಾರಿ ಹೇಳುವ ಕಲ್ಲು

ರಾಯಚೂರಿನಲ್ಲಿ ಆಟೊ ಹತ್ತಿ ‘ಏಕ್ ಮಿನಾರ್’ ಎಂದರೆ ಸಾಕು, ಮಸೀದಿ ಎಂಬ ಮಾತು ಬೇಕಾಗುವುದಿಲ್ಲ. ನನ್ನನ್ನು ಕರೆದೊಯ್ದ ಹುಡುಗನಿಗೆ ‘ಯಾರು ಕಟ್ಟಿಸಿದ್ದಪ್ಪ ಇದನ್ನ?’ ಎಂದು ಕೇಳಿದೆ. ‘ನಿಜಾಮ್ರು ಇರಬೇಕ್ರಿ ಸರ. ಇಲ್ಲಿ ಹಳೇದು ಅಂದ್ರ ಎಲ್ಲಾ ಅವರದೇ’ ಎಂದ. ಅವನ ಲೆಕ್ಕ ಎರಡು ಶತಮಾನಕ್ಕೂ ಹೆಚ್ಚು ತಪ್ಪಿತ್ತು. ಸರಿಯಾದ ಲೆಕ್ಕ ಮಸೀದಿಯ ಕಲ್ಲಿನ ಮೇಲೆಯೇ ಇದೆ, ಪಾರಸಿಯಲ್ಲಿ: ಹಿಜರಿ 919ರಲ್ಲಿ, ಅಂದರೆ 1513-14ರಲ್ಲಿ, ಬಹಮನಿ ಸುಲ್ತಾನ ಮಹಮೂದ್ ಶಾಹನ ಆಳ್ವಿಕೆಯಲ್ಲಿ ಅಂಬರ್ ಎಂಬಾತ ಕಟ್ಟಿಸಿದ್ದು. ಕಲ್ಲು ಉತ್ತರ ಕೊಡುತ್ತಲೇ ಇದೆ. ಕೇಳುವವರ ಭಾಷೆ ಬದಲಾಗಿದೆ, ಅಷ್ಟೆ.

ಸುಮಾರು 65 ಅಡಿಯ ಮಿನಾರು ಅದು. ಎರಡು ಅಂತಸ್ತು, ಪ್ರತಿ ಅಂತಸ್ತಿಗೂ ಸುತ್ತ ಚಾಚಿಕೊಂಡ ಮೊಗಸಾಲೆ, ಕಿಟಕಿಗಳು. ಮೇಲೇರಿದಂತೆ ದುಂಡಗೆ ಸಣ್ಣಗಾಗುತ್ತ ಹೋಗಿ ಕೊನೆಗೊಂದು ಗುಮ್ಮಟ. ಮಸೀದಿಯ ಎರಡು ತುದಿಗೆ ಎರಡು ಮಿನಾರು ನಿಲ್ಲಿಸುವ ರೂಢಿಯನ್ನು ಬಿಟ್ಟು ಒಂಟಿಯಾಗಿ ಎತ್ತರಕ್ಕೆ ಕಟ್ಟುವ ಬಗೆ ಇರಾನಿನ ಕಡೆಯದು. ದೌಲತಾಬಾದಿನ ಚಾಂದ್ ಮಿನಾರ್ ನೋಡಿದವರಿಗೆ ಇದು ಅದರ ಚಿಕ್ಕ ತಮ್ಮನಂತೆ ಕಾಣುತ್ತದೆ. ಆದರೆ ನನ್ನನ್ನು ಹೆಚ್ಚು ಹಿಡಿದದ್ದು ಶಾಸನದಲ್ಲಿರುವ ಮಹಮೂದ್ ಶಾಹನ ಹೆಸರು. 1513ರ ಹೊತ್ತಿಗೆ ಅವನು ಹೆಸರಿಗಷ್ಟೇ ಸುಲ್ತಾನ. ಈ ಸೀಮೆ ಬಿಜಾಪುರದ ಆದಿಲಶಾಹಿಗಳ ಕೈಗೆ ಹೋಗಿತ್ತು. ಇನ್ನು ಏಳು ವರ್ಷಕ್ಕೆ, 1520ರಲ್ಲಿ, ಕೃಷ್ಣದೇವರಾಯ ಬಂದು ರಾಯಚೂರನ್ನು ಗೆಲ್ಲಲಿದ್ದ. ಹೋದ ಅಧಿಕಾರಕ್ಕೆ ಕಲ್ಲಿನಲ್ಲಿ ಸಲ್ಲಿಸಿದ ಈ ಮರ್ಯಾದೆಯನ್ನು ಓದಲು ಬಂದರೆ ಮಸೀದಿ ಹಳೆಯ ಕಟ್ಟಡವಾಗಿ ಉಳಿಯುವುದಿಲ್ಲ, ಒಂದು ಕಾಲದ ಸಂಕಟವಾಗಿ ಕಾಣುತ್ತದೆ. ಓದಿಸುವುದು ಯಾರ ಕೆಲಸ?

ಅದು ಮ್ಯೂಸಿಯಂನ ಕೆಲಸ ಎಂದು ನನ್ನ ನಂಬಿಕೆ. ರಾಯಚೂರಿನ ಮಟ್ಟಿಗೆ ಈ ಕೆಲಸಕ್ಕೆ ಸಿಕ್ಕ ಜಾಗವೂ ಸಾಮಾನ್ಯದ್ದಲ್ಲ. ಹೊರಕೋಟೆಯ ಉತ್ತರ ದಿಕ್ಕಿನ ನೌರಂಗಿ ದರ್ವಾಜದಲ್ಲಿ ಜಿಲ್ಲೆಯ ಶಿಲ್ಪಗಳನ್ನು ತಂದಿಟ್ಟು ಸಂಗ್ರಹಾಲಯ ಮಾಡಲಾಗಿದೆ. ಬಾಗಿಲ ಹೆಸರನ್ನೇ ಒಂದು ಕ್ಷಣ ಹಿಡಿದು ನೋಡಿ. ಉರ್ದುವಿನಲ್ಲಿ ‘ನೌ’ ಎಂದರೆ ಒಂಬತ್ತು, ಪಾರಸಿಯಲ್ಲಿ ಹೊಸದು. ‘ರಂಗ್’ ಪಾರಸಿಯ ಬಣ್ಣ, ನಮ್ಮ ರಂಗೋಲಿಯ ರಂಗವೂ ಅದರ ಪಕ್ಕದಲ್ಲೇ ಕೂತಿದೆ. ಒಂದು ಕಾಲಕ್ಕೆ ಬಗೆಬಗೆಯ ಬಣ್ಣ ಬಳಿದಿದ್ದರಿಂದ ಈ ಹೆಸರು ಎನ್ನುತ್ತಾರೆ. ಪಾರಸಿ ಹೆಸರಿನ ಬಾಗಿಲಿನ ಬುರುಜಿನಲ್ಲಿ ಐದು ಹೆಡೆಯ ಕಿರೀಟ ತೊಟ್ಟ ನಾಗರಾಜ ಕೂತಿದ್ದಾನೆ, ಗೋಡೆಗಳಲ್ಲಿ ಪುರಾಣದ ಕೆತ್ತನೆಗಳಿವೆ. ಒಳಗೆ ಏನನ್ನಾದರೂ ತಂದಿಡುವ ಮೊದಲೇ ಈ ಬಾಗಿಲು ಒಂದು ಮ್ಯೂಸಿಯಂ ಆಗಿತ್ತು.

ನನ್ನ ತಕರಾರು ಇರುವುದು ಇಲ್ಲಿಯೇ. ಇದು ರಾಯಚೂರೊಂದರ ಮೇಲಿನದಲ್ಲ, ನಮ್ಮ ನಾಡಿನ ಒಟ್ಟು ಪದ್ಧತಿಯ ಮೇಲಿನದು. ಹಳೆಯ ಕಟ್ಟಡವೊಂದನ್ನು ಸಂಗ್ರಹಾಲಯ ಮಾಡಿದ ಕೂಡಲೇ ನಾವು ಕಟ್ಟಡವನ್ನು ಕಪಾಟು ಎಂದುಕೊಳ್ಳುತ್ತೇವೆ. ಒಳಗಿಟ್ಟದ್ದು ವಸ್ತು, ಸುತ್ತಲಿನದು ಬರೀ ಗೋಡೆ. ಬೇರೊಂದು ಊರಿನ ಸಂಗ್ರಹಾಲಯದಲ್ಲಿ ಒಂದು ವೀರಗಲ್ಲಿನ ಮುಂದೆ ನಿಂತಿದ್ದೆ. ‘ವೀರಗಲ್ಲು, 12ನೇ ಶತಮಾನ’ ಎಂದಷ್ಟೇ ಬರೆದಿತ್ತು. ಯಾವ ಊರ ಅಗಸೆಯ ಮುಂದೆ ನಿಂತಿತ್ತು, ಅದಕ್ಕೆ ಎಣ್ಣೆ ಹಚ್ಚುತ್ತಿದ್ದವರು ಯಾರು, ಯಾವ ಗಾಡಿಯಲ್ಲಿ ಬಂತು, ಒಂದಕ್ಕೂ ಉತ್ತರವಿಲ್ಲ. ದನ ಕಾಯಲು ಹೋರಾಡಿ ಸತ್ತವನ ಕಲ್ಲು ಅದು. ಊರು ಕಳೆದುಕೊಂಡು ಅವನು ಎರಡನೆಯ ಸಲ ಸತ್ತಂತಾಗಿತ್ತು.

ಟೆಹರಾನಿನ ನೆನಪಾಗುವುದು ಇಂಥ ಹೊತ್ತಿನಲ್ಲಿ. ಆ ಗಿಜಿಗುಡುವ ನಗರದ ನಡುವೆ ಮೊಘದಮ್ ಮ್ಯೂಸಿಯಂ ಎಂಬ ಮನೆಯಿದೆ. ಕಜಾರ್ ಅರಸರ ಕಾಲದ್ದು, ಅಂಗಳ, ಗಿಡಮರ, ನೀರಿನ ಕೊಳ ಇರುವ ಹಳೆಯ ಮಾದರಿಯ ಮನೆ. ಅಲ್ಲಿದ್ದ ಮೊಹ್ಸೆನ್ ಮೊಘದಮ್ ಕಲಾವಿದ, ಪುರಾತತ್ವದ ಮೇಷ್ಟ್ರು. ಕೆಡವುತ್ತಿದ್ದ ಕಟ್ಟಡಗಳಿಂದ ಬಣ್ಣದ ಹೆಂಚಿನ ತುಂಡುಗಳನ್ನು ಉಳಿಸಿ ತಂದು ತನ್ನ ಮನೆಯ ಗೋಡೆಗೇ ಕೂರಿಸಿದ. ಒಂದು ಕೋಣೆಯನ್ನು ಕಪ್ಪೆಚಿಪ್ಪುಗಳಿಂದ ಅಲಂಕರಿಸಿದ. 1972ರಲ್ಲಿ ಮನೆಯನ್ನು ಟೆಹರಾನ್ ವಿಶ್ವವಿದ್ಯಾಲಯಕ್ಕೆ ಕೊಟ್ಟ. ಅಲ್ಲಿಯೂ ವಸ್ತುಗಳು ತಮ್ಮ ಮೂಲ ಜಾಗದಲ್ಲಿಲ್ಲ, ಕಿತ್ತು ತಂದವೇ. ಆದರೆ ತಂದವನು ಯಾರು, ಯಾಕೆ ತಂದ, ಎಲ್ಲಿ ಕೂರಿಸಿದ ಎಂಬುದು ಗೋಡೆಯಲ್ಲೇ ಕಾಣುತ್ತದೆ. ಮನೆ ಮತ್ತು ವಸ್ತು ಬೇರೆಯಾಗುವುದಿಲ್ಲ.

ಅಂಥ ಮನೆ ನಮ್ಮಲ್ಲಿಲ್ಲ ಎಂದು ಕೊರಗಬೇಕಿಲ್ಲ, ಮಾನ್ವಿಗೆ ಹೋದರೆ ಸಾಕು. ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರ ಮನೆ ಅಲ್ಲಿದೆ. ದಾಸರು ಮನೆಯ ಕಂಬದಲ್ಲಿ ಸನ್ನಿಹಿತರಾಗಿದ್ದಾರೆ ಎಂಬುದು ಭಕ್ತರ ನಂಬಿಕೆ. ಭಾದ್ರಪದ ಶುದ್ಧ ನವಮಿಗೆ ಆರಾಧನೆ. ಕಲೆಯ ದೃಷ್ಟಿಯಿಂದ ನೋಡಿದರೆ ಆ ಕಂಬ ಯಾವ ಸಂಗ್ರಹಾಲಯಕ್ಕೂ ಸೇರಲಿಕ್ಕಿಲ್ಲ. ಆದರೆ ಅದು ಕದಲಿಲ್ಲ. ಅದರ ಪಕ್ಕ ಫಲಕ ಬೇಕಿಲ್ಲ, ಅಲ್ಲಿ ಕೂತ ಯಾವ ಅಜ್ಜಿಯಾದರೂ ಕಥೆ ಹೇಳುತ್ತಾಳೆ. ಪೂಜೆ ಉಳಿಸಿದ ಮನೆ ಇದು. ಹಾಗೆಂದು ಪೂಜೆಯೇ ಎಲ್ಲದಕ್ಕೂ ಮದ್ದು ಎನ್ನಲಾರೆ. ಭಕ್ತಿ ತನಗೆ ಬೇಕಾದ್ದನ್ನು ಮಾತ್ರ ಕಾಯುತ್ತದೆ. ದಾಸರ ಕಂಬಕ್ಕೆ ದೀಪ ಹಚ್ಚುವ ಕೈ ಊರ ಕೋಟೆಯ ಕಲ್ಲಿಗೆ ಹಚ್ಚುವುದಿಲ್ಲ. ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಹಳೆಯ ಗುಡಿಗಳೂ ಶಾಸನಗಳೂ ಹರಡಿಕೊಂಡಿವೆ. ಪೂಜೆ ನಿಂತ ಗುಡಿಗೆ ಹೀಗೆ ಕಥೆ ಹೇಳುವ ಅಜ್ಜಿ ಎಲ್ಲಿಂದ ಬರಬೇಕು? ಭಕ್ತಿ ಕೈಬಿಟ್ಟಲ್ಲಿ ಕೈಹಿಡಿಯಲೆಂದೇ ಮ್ಯೂಸಿಯಂ ಇರುವುದು.

ಪಾರಸಿಯನ್ನು ಓದಿಸುವುದು ಕಷ್ಟ ಎಂಬ ನೆಪವನ್ನೂ ನಾನು ಒಪ್ಪುವುದಿಲ್ಲ. ಹೈದರಾಬಾದ್ ಸಂಸ್ಥಾನದ ಆಡಳಿತ 1884ರ ತನಕ ಪಾರಸಿಯಲ್ಲಿ ನಡೆಯಿತು, ಆಮೇಲೆ ಉರ್ದು ಬಂತು. ದಫ್ತರ ಬದಲಾದರೂ ಮಾತು ಹೋಗಲಿಲ್ಲ. ದೇವದುರ್ಗದ ರೈತ ಹತ್ತಿ ತುಂಬಿಕೊಂಡು ರಾಯಚೂರಿನ ಗಂಜಿಗೆ ಬರುತ್ತಾನೆ. ‘ಗಂಜ್’ ಪಾರಸಿ, ಭಂಡಾರ ಎಂದರ್ಥ. ತೂಕವಾದ ಮೇಲೆ ಗುಮಾಸ್ತ ರಸೀದಿ ಹರಿದುಕೊಡುತ್ತಾನೆ. ಗುಮಾಸ್ತ ಪಾರಸಿ, ರಸೀದಿ ಪಾರಸಿ. ದುಡ್ಡು ಎಣಿಸಿಕೊಂಡು ರಸ್ತೆಗೆ ಬಂದು, ಬಜಾರಿನಲ್ಲಿ ಮಕ್ಕಳಿಗೆ ಏನಾದರೂ ಕೊಂಡು, ಜಮೀನಿನ ಫಿರ್ಯಾದಿ ಇದ್ದರೆ ಸರಕಾರದ ಬಾಗಿಲಿಗೆ ಅಲೆದು ಊರಿಗೆ ಹೋಗುತ್ತಾನೆ. ದಿನವಿಡೀ ಪಾರಸಿ ಆಡಿಯೂ ತನಗೆ ಪಾರಸಿ ಬರದು ಎನ್ನುತ್ತಾನೆ. ನೌರಂಗಿ ದರ್ವಾಜದಲ್ಲಿ ಒಂದು ಶಾಸನದ ಅಚ್ಚು, ಅದರ ಪಕ್ಕ ಕನ್ನಡ ಅಕ್ಷರದಲ್ಲಿ ಓದು, ಅರ್ಥ, ಕೆಳಗೆ ಗಂಜಿನ ಒಂದು ರಸೀದಿ ಇಟ್ಟರೆ ಸಾಕು. ಈ ರೈತ ಅದರ ಮುಂದೆ ನಿಲ್ಲುತ್ತಾನೆ. ಗಾಜಿನ ಪೆಟ್ಟಿಗೆಯೊಳಗಿನ ಹತ್ತು ಖಡ್ಗಕ್ಕಿಂತ ಅವನಿಗೆ ಅದೇ ಹೆಚ್ಚು ಹೇಳುತ್ತದೆ.

ಹೀಗೆ ಬೇಕು, ಹಾಗೆ ಬೇಕು ಎನ್ನುವ ನಾನು ಮಾದರಿಗೆ ಟೆಹರಾನಿನ ತನಕ ಹೋಗಬೇಕಿರಲಿಲ್ಲ. ಅದು ಇದೇ ಕೋಟೆಯ ಒಳಗೋಡೆಯಲ್ಲಿದೆ, ಪಶ್ಚಿಮದ ಕಡೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ ಸಂಗತಿಯನ್ನು ತೆಲುಗಿನಲ್ಲಿ ಹೇಳುವ ಶಾಸನ ಅಲ್ಲಿದೆ. ಕೆತ್ತಿರುವುದು 40 ಅಡಿಗೂ ಮೀರಿದ ಒಂದೇ ಚಪ್ಪಡಿಯ ಮೇಲೆ. ಇಷ್ಟು ದೊಡ್ಡ ಕಲ್ಲನ್ನು ಹೇಗೆ ತಂದರಪ್ಪ ಎಂದು ಬೆರಗಾಗುವಷ್ಟರಲ್ಲಿ ಉತ್ತರ ಅಲ್ಲೇ ಸಿಗುತ್ತದೆ. ಕಲ್ಲು ಬಂದ ಬಗೆಯನ್ನೂ ಶಿಲ್ಪಿ ಗೋಡೆಯಲ್ಲಿ ಚಿತ್ರವಾಗಿ ಕೆತ್ತಿಟ್ಟಿದ್ದಾನೆ. ಉದ್ದನೆಯ ಗಾಡಿ, ಅದರ ಮೇಲೆ ಚಪ್ಪಡಿ, ಮುಂದೆ ನೊಗ ಹೊತ್ತ ಕೋಣಗಳ ಸಾಲು, ನಡುನಡುವೆ ಅವನ್ನು ಹುರಿದುಂಬಿಸುವ ಆಳುಗಳು, ಗಾಲಿಗಳ ಬಳಿ ಬಾಗಿ ಸನ್ನೆಗೋಲು ಹಾಕಿ ಮೀಟುತ್ತಿರುವವರು.

ತೆಲುಗು ಬಾರದವನಿಗೂ ಆ ಚಿತ್ರ ಅರ್ಥವಾಗುತ್ತದೆ. ನನ್ನನ್ನು ಕರೆತಂದ ಆಟೊದ ಹುಡುಗ ಕೂಡ ಗಾಡಿ ನಿಲ್ಲಿಸಿ ಬಂದು ನೋಡಿದ. ‘ಗಾಲಿ ಹೂತಿತ್ತು ಕಾಣಸ್ತದರಿ ಸರ’ ಎಂದ. ಕಟ್ಟಿಸಿದ್ದು ಯಾರು ಎಂದು ಈ ಸಲ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಸನ್ನೆಗೋಲು ಹಿಡಿದವರನ್ನು ಇಬ್ಬರೂ ಎಣಿಸುತ್ತ ನಿಂತೆವು.