ಷರಾ ಬರೆಯುವ ಕೈ

ಕಮ್ಮನಹಳ್ಳಿ ಮುಖ್ಯರಸ್ತೆ ಬಿಟ್ಟು ಎಚ್‌ಆರ್‌ಬಿಆರ್ ಬಡಾವಣೆಯ ಕಡೆ ತಿರುಗಿದರೆ ರಸ್ತೆಗಳು ನೇರವಾಗುತ್ತವೆ, ನಡುನಡುವೆ ಉದ್ಯಾನ ಸಿಗುತ್ತದೆ. ಹಳೆಯ ಊರು ತಾನಾಗಿ ಬೆಳೆದದ್ದು; ಬಡಾವಣೆಯನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಮೊದಲು ಕಾಗದದ ಮೇಲೆ ಎಳೆದದ್ದು. ಪ್ರಾಧಿಕಾರದಲ್ಲಿ ಇಂಥ ಗೆರೆಗಳ ಹೊಣೆ ಹೊರುವವರು ನಗರ ಯೋಜನಾ ಸದಸ್ಯರು. 1976ರ ಕಾಯ್ದೆಯೇ ಆ ಹುದ್ದೆಗೆ ಜಾಗ ಕೊಟ್ಟಿದೆ. ನಕ್ಷೆ ಬರೆಯುವುದಕ್ಕಿಂತ ಅದನ್ನು ಕಾಯುವ ಕಸುಬು ನನಗೆ ದೊಡ್ಡದಾಗಿ ಕಾಣುತ್ತದೆ. ಭೂಬಳಕೆ ಬದಲಾವಣೆ ಕೋರಿದ ಕಡತ ಮೇಜಿಗೆ ಬಂದಾಗ ರಸ್ತೆಯ ಅಗಲವೆಷ್ಟು, ಒಳಚರಂಡಿ ತಾಳುತ್ತದೆಯೇ ಎಂದು ನೋಡಿ, ಕಾರಣ ಸಮೇತ ಷರಾ ಬರೆಯಬೇಕು. ನಾಳೆ ಕೋರ್ಟಿನಲ್ಲಿ ನಿಲ್ಲಬೇಕಾದದ್ದು ಅದೇ ನಾಲ್ಕು ಸಾಲು.

ಒತ್ತಡಕ್ಕೆ ಮಣಿಯುವವರೇ ಹೆಚ್ಚು, ಮೆಚ್ಚುವುದೇನು ಎನ್ನಬಹುದು. ನಿಜ, ಮಣಿದವರಿದ್ದಾರೆ. ಆದರೆ ಮನೆಯ ನೆಲಮಹಡಿ ಹೋಟೆಲಾದದ್ದು ಎಲ್ಲರ ಕಣ್ಣಿಗೆ ಬೀಳುತ್ತದೆ. ನಿವೇಶನವಾಗದೆ ಉಳಿದ ಉದ್ಯಾನವನ್ನು ಯಾರೂ ಅಧಿಕಾರಿಯ ಲೆಕ್ಕಕ್ಕೆ ಹಾಕುವುದಿಲ್ಲ. ಮೇಲಾಗಿ, 2015ರ ಗುರಿಯ ಪರಿಷ್ಕೃತ ಮಹಾಯೋಜನೆ ಒಪ್ಪಿಗೆ ಪಡೆದದ್ದು 2007ರಲ್ಲಿ. 2031ರ ಕರಡು 2017ರಲ್ಲಿ ಹೊರಬಂದು, ಅಂತಿಮವಾಗದೆ ಹಿಂದಕ್ಕೆ ಹೋಯಿತು. ಹೀಗಿರುವಾಗ ಬೇಡವೆನ್ನಬೇಕಾದ ಅಧಿಕಾರಿಯ ಕೈಯಲ್ಲಿರುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ವಯಸ್ಸಾದ ನಕ್ಷೆ, ಮಿಕ್ಕದ್ದು ಸ್ವಂತ ವಿವೇಚನೆ.