ಗಡಿಗೆಯ ಬಾಯಿ, ಅರಮನೆಯ ಬಾಗಿಲು

ಹಂಪಿಯ ಬಗ್ಗೆ ಕನ್ನಡದಲ್ಲಿ ಏನೇ ಓದಲು ಹೋದರೂ ಎರಡು ಮಾತು ತಪ್ಪದೆ ಎದುರಾಗುತ್ತವೆ. ಒಂದು, ಬೀದಿಯಲ್ಲಿ ಮುತ್ತು ರತ್ನಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರು ಎಂಬುದು. ಇನ್ನೊಂದು, 1565ರಲ್ಲಿ ಎಲ್ಲವೂ ಮುಗಿದುಹೋಯಿತು ಎಂಬುದು. ಇವೆರಡರ ನಡುವಿನ ಇನ್ನೂರು ವರ್ಷ ಆ ಊರಿನ ಜನ ಏನು ಬೇಯಿಸಿ ಉಂಡರು, ನೀರು ಹೇಗೆ ಹೊತ್ತು ತಂದರು ಎಂದು ಕೇಳುವವರು ಕಡಿಮೆ. ಕಾರ್ಲಾ ಸಿನೊಪೊಲಿ ಅವರ ‘ಪಾಟ್ಸ್ ಅಂಡ್ ಪ್ಯಾಲೆಸಸ್’ (1993) ಈ ಪ್ರಶ್ನೆಯನ್ನೇ ಹಿಡಿದು ಹೊರಟ ಪುಸ್ತಕ. ಪುರಾತತ್ವದವರ ಕಪಾಟಿನಿಂದ ಅದು ಸಾಹಿತ್ಯದವರ ಮೇಜಿಗೆ ಬಂದದ್ದನ್ನು ನಾನು ಕಂಡಿಲ್ಲ. ಬರಬೇಕು ಎಂಬುದು ನನ್ನ ವಾದ.

ಅರಮನೆ ಆವರಣದಲ್ಲಿ ‘ಕುಲೀನರ ವಸತಿ’ ಎಂದು ಹೆಸರಿಟ್ಟ ಭಾಗದಲ್ಲಿ ನಡೆದ ಉತ್ಖನನದ ಮಣ್ಣಿನ ಪಾತ್ರೆಗಳೇ ಈ ಪುಸ್ತಕದ ವಸ್ತು. ಅಲ್ಲಿ ಚೀನಾದಿಂದ ಬಂದ ಪಿಂಗಾಣಿಯ ಚೂರುಗಳೂ ಸಿಕ್ಕಿವೆ. ಆದರೆ ಲೇಖಕಿ ಕೂತು ಅಳೆದದ್ದು ಸಾಮಾನ್ಯ ಕುಂಬಾರನ ಗಡಿಗೆಗಳನ್ನು. ಒಡೆದ ಕಂಠದ ಒಂದು ತುಂಡು ಸಿಕ್ಕರೂ ಬಾಯಿಯ ಅಗಲ ಲೆಕ್ಕಕ್ಕೆ ಸಿಗುತ್ತದೆ. ಕಿರಿಬಾಯಿಯಾದರೆ ನೀರು ತುಳುಕಬಾರದು ಎಂದು ಮಾಡಿದ ಕೊಡ, ಅಗಲಬಾಯಿಯಾದರೆ ಸೌಟು ಆಡಲಿ ಎಂದು ಮಾಡಿದ ಅಡಿಗೆಯ ಪಾತ್ರೆ. ಪುಟದ ಮೇಲೆ ಪುಟ ಕೋಷ್ಟಕಗಳು. ಮೊದಲ ಓದಿಗೆ ಬೇಸರ ಬರುವುದು ನಿಜ. ಆದರೆ ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಇದನ್ನು ನಿಕಟ ಓದು ಎಂದೇ ಕರೆಯುತ್ತೇನೆ. ನಾವು ಒಂದು ಪದದ ಮೇಲೆ ನಿಲ್ಲುವಷ್ಟು ಹೊತ್ತು ಇವರು ಒಂದು ಕಂಠದ ಮೇಲೆ ನಿಂತಿದ್ದಾರೆ.

ಆ ತಾಳ್ಮೆ ನಮ್ಮ ಹಳೆಯ ಓದಿನ ಅವಸರವನ್ನು ಬಯಲು ಮಾಡುತ್ತದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ವಜ್ರ, ಮುತ್ತುಗಳ ಜೊತೆಗೆ ಪೇಟೆಯ ಧಾನ್ಯ, ಕೋಳಿ, ನಿಂಬೆ, ದ್ರಾಕ್ಷಿಗಳನ್ನೂ ಬರೆದಿದ್ದ. ರಾಬರ್ಟ್ ಸಿವೆಲ್ 1900ರಲ್ಲಿ ಆ ಬರಹವನ್ನು ಇಂಗ್ಲಿಷಿನಲ್ಲಿ ಕೊಟ್ಟಾಗಲೂ ಅವು ಅಲ್ಲೇ ಇದ್ದವು. ಕೋಳಿಯನ್ನು ಬಿಟ್ಟು ಮುತ್ತನ್ನು ಮಾತ್ರ ಎತ್ತಿಕೊಂಡವರು ನಾವು. ಹೆಸರುಗಳ ಕಥೆಯೂ ಇದೇ. ರಾಣಿಯ ಸ್ನಾನಗೃಹ, ಕಮಲ ಮಹಲ್ ಎಂಬವು ಆ ಕಾಲದ ಶಾಸನದಲ್ಲಿ ಇರುವ ಹೆಸರುಗಳಲ್ಲ, ಆಮೇಲೆ ಬಂದವರು ಇಟ್ಟವು. ಹಾಳು ಗೋಡೆ ಕಂಡಲ್ಲೆಲ್ಲ ನಮಗೆ ರಾಜ, ರಾಣಿಯರೇ ಕಾಣುತ್ತಾರೆ.

ಪುಸ್ತಕದ ಮಿತಿಯೂ ಅದರ ವಸ್ತುವಿನಲ್ಲೇ ಇದೆ. ಎಲೆಯ ಮೇಲೆ ಉಂಡವರ ಊಟ ಉಳಿಯುವುದಿಲ್ಲ. ತಾಮ್ರದ ತಂಬಿಗೆ ಹಳತಾದರೆ ಕರಗಿಸಿ ಹೊಸದು ಮಾಡುತ್ತಾರೆ, ಅದೂ ಉಳಿಯುವುದಿಲ್ಲ. ಗಡಿಗೆ ಮಾತ್ರ ಒಡೆದು ತಿಪ್ಪೆ ಸೇರಿ ಸಾಕ್ಷಿಯಾಗುತ್ತದೆ. ಅದು ಕೂಡ ‘ನನ್ನಲ್ಲಿ ಬೇಯಿಸಿದರು’ ಎಂದು ಹೇಳೀತೇ ಹೊರತು, ಬೇಯಿಸಿದವಳು ಮನೆಯೊಡತಿಯೋ ಆಳುಮಗಳೋ ಹೇಳದು. ಬಾಯಿಯ ಅಗಲ ಅಳೆದಷ್ಟು ಸುಲಭವಾಗಿ ಜಾತಿಯನ್ನು ಅಳೆಯಲಾಗದು. ಕರಕುಶಲಗಳ ಬಗ್ಗೆ 2003ರಲ್ಲಿ ಬರೆದ ಪುಸ್ತಕದಲ್ಲಿ ಸಿನೊಪೊಲಿ ಶಾಸನಗಳನ್ನೂ ಜೊತೆಗಿಟ್ಟುಕೊಂಡರು. ಅಲ್ಲಿ ನೇಕಾರರು ಮತ್ತೆ ಮತ್ತೆ ಬರುತ್ತಾರೆ, ಕುಂಬಾರರು ಅಪರೂಪ. ಎಲ್ಲರ ಒಲೆಯ ಮೇಲಿದ್ದವನಿಗೆ ಕಲ್ಲಿನ ಮೇಲೆ ಜಾಗವಿರಲಿಲ್ಲ. ಮಣ್ಣು ಅಗೆಯುವುದು ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉತ್ತರ ನನಗೆ ಕಂಡಿಲ್ಲ.

ಈ ಮಾತು ನನಗೆ ಬರೀ ವಿದ್ವತ್ತಿನದಲ್ಲ. ನನ್ನ ಊರು ಇಂಡಿ ಕಡೆಯ ತಾಂಬಾ. ತಾಳಿಕೋಟಿ ನಮ್ಮದೇ ಜಿಲ್ಲೆ. ಪರಊರಿನ ಒಂದು ವಿಚಾರಸಂಕಿರಣದಲ್ಲಿ ಒಬ್ಬರು ‘ಹಂಪಿ ಸುಟ್ಟವರು ನಿಮ್ಮ ಕಡೆಯವರೇ ಅಲ್ಲವೇ’ ಎಂದು ನಕ್ಕರು. ನಾನೂ ನಕ್ಕೆ, ಉತ್ತರ ಹೊಳೆಯಲಿಲ್ಲ. ಉತ್ತರ ಆಮೇಲೆ ಸಿಕ್ಕಿದ್ದು ಹೊಲಗಳಲ್ಲಿ. ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ 1988ರಿಂದ ಸುಮಾರು ಹತ್ತು ವರ್ಷ ಕೋಟೆಯ ಹೊರಗಿನ ಬಯಲನ್ನು ಕಾಲ್ನಡಿಗೆಯಲ್ಲಿ ಶೋಧಿಸಿ, 700ಕ್ಕೂ ಹೆಚ್ಚು ನೆಲೆಗಳನ್ನು ದಾಖಲಿಸಿದರು: ಕೆರೆ, ಕಾಲುವೆ, ಒಡ್ಡು, ಸಣ್ಣ ಗುಡಿ, ಹಳ್ಳಿ. ಅರಮನೆಯಿಂದ ನೋಡಿದರೆ 1565 ಎಲ್ಲದರ ಕೊನೆ. ಕಾಲುವೆಯಿಂದ ನೋಡಿದರೆ ಹಾಗಲ್ಲ. ಅರಸರು ಪೆನುಕೊಂಡೆಗೆ ಹೋದ ಮೇಲೂ ತುಂಗಭದ್ರೆಯ ನೀರು ತುರ್ತು ಕಾಲುವೆಯಲ್ಲಿ ಹರಿಯಿತು, ಇಂದಿಗೂ ಹರಿಯುತ್ತಿದೆ. ಸೋಲು ಗೆಲುವಿನ ಲೆಕ್ಕ ಸಿಂಹಾಸನದವರದು, ನೀರು ಕಟ್ಟಿದವರದಲ್ಲ. ಹೀಗೆ ಓದಿದರೆ ‘ನಿಮ್ಮವರು, ನಮ್ಮವರು’ ಎಂಬ ಗೆರೆ ಎಳೆಯಲು ಜಾಗ ಉಳಿಯುವುದಿಲ್ಲ.

ಇಂಥ ಓದು ವಿಜಯಪುರಕ್ಕೂ ಬೇಕು. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಕೂಗಿ ಬರುವ ನಾವು, ಅದೇ ಶಹರದಲ್ಲಿ ಬೀಸುತ್ತಿದ್ದವರ ದನಿ ಕೇಳಿಸಿಕೊಂಡಿಲ್ಲ. ರಿಚರ್ಡ್ ಈಟನ್ 1978ರ ತಮ್ಮ ಪುಸ್ತಕದಲ್ಲಿ, ಹೆಂಗಸರು ಬೀಸುವಾಗ ಹಾಡುತ್ತಿದ್ದ ದಖನಿ ಭಾಷೆಯ ‘ಚಕ್ಕಿನಾಮಾ’ಗಳ ಮೂಲಕ ಸೂಫಿ ವಿಚಾರ ಮನೆಮನೆಗೆ ಹೋದುದನ್ನು ತೋರಿಸಿದರು. ನಮ್ಮ ಬೀಸುಕಲ್ಲಿನ ಪದಗಳ ಪಕ್ಕದಲ್ಲಿ ಅವನ್ನಿಟ್ಟು ಓದುವ ಕೆಲಸ ಸಾಹಿತ್ಯದವರದು. ಗಡಿಗೆ ಹೇಳಲಾರದ್ದನ್ನು ಹಾಡು ಹೇಳೀತು, ಹಾಡು ಮರೆತದ್ದನ್ನು ಗಡಿಗೆ.

ನಮ್ಮ ಕಡೆ ಜೋಳ ತುಂಬುತ್ತಿದ್ದ ನೆಲದೊಳಗಿನ ಹಗೇವುಗಳನ್ನು ಮುಚ್ಚಿ ಈಗ ಮೇಲೆ ಕಾಂಕ್ರೀಟು ಹಾಕುತ್ತಿದ್ದೇವೆ. ಮುಂದೊಮ್ಮೆ ಯಾರಾದರೂ ಅಗೆದರೆ ಅದಕ್ಕೆ ಏನು ಹೆಸರಿಟ್ಟಾರೋ ಗೊತ್ತಿಲ್ಲ. ಅದು ಹಗೇವು, ಅದರಲ್ಲಿ ಜೋಳ ಇತ್ತು ಎಂದು ಹೇಳಬಲ್ಲವರು ಇನ್ನೂ ಇದ್ದಾರೆ. ಅವರನ್ನು ಕೇಳಿ ಬರೆದಿಟ್ಟುಕೊಳ್ಳುವುದೂ ಉತ್ಖನನವೇ.