ಬೊಂಬೆಯ ಮುಖವೂ ಸೂತ್ರಧಾರನ ಕೈಯೂ: ಯಿರ್ಝಿ ತೃನ್ಕನ ಕಲೆ

ಅಭಿನಯವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ತೆರನೆಂಬುದು ಭರತಮತ. ಇವುಗಳೊಳಗೆ ಕಂಬನಿ, ರೋಮಾಂಚ, ವೈವರ್ಣ್ಯ ಮುಂತಾದುವುಗಳಿಂದ ಒಳಗಿನ ಭಾವವನ್ನು ಹೊರಗೆಡಹುವ ಸಾತ್ತ್ವಿಕಕ್ಕೆ ಶಾಸ್ತ್ರಕಾರರು ಹೆಚ್ಚಿನ ಮನ್ನಣೆಯನ್ನು ಕೊಟ್ಟಿರುವರು. ಹಾಗಾದರೆ ಕಂಬನಿ ಮಿಡಿಯಲಾರದ, ನುಡಿಯಲಾರದ, ಹುಬ್ಬನ್ನು ಸಹ ಕದಲಿಸಲಾರದ ಮರದ ಬೊಂಬೆಯಿಂದ ರಸವು ಹೇಗೆ ಹುಟ್ಟೀತು? ಈ ಪ್ರಶ್ನೆಗೆ ಚೆಕ್ ದೇಶದ ಯಿರ್ಝಿ ತೃನ್ಕನು ತನ್ನ ಕೃತಿಗಳಿಂದಲೇ ಉತ್ತರವನ್ನು ಕೊಟ್ಟಿರುವನು. (ಚೆಕ್ ನುಡಿಯಲ್ಲಿ ಸ್ವರದಂತೆ ನಿಲ್ಲುವ ರಕಾರವೊಂದುಂಟು, ಅದಕ್ಕೆ ನಮ್ಮ ಋಕಾರವೇ ಹೊಂದುವುದರಿಂದ ಹೆಸರನ್ನು ಹೀಗೆ ಬರೆದಿದೆ.) ಆತನ ಕಡೆಯ ಚಿತ್ರವಾದ ‘ಕೈ’ ಎಂಬುದನ್ನು ವಿಮರ್ಶಕರು ಸಾಮಾನ್ಯವಾಗಿ ರಾಜಕೀಯ ಅನ್ಯೋಕ್ತಿಯೆಂದಷ್ಟೇ ಓದುತ್ತಾರೆ. ಆ ಓದು ತಪ್ಪಲ್ಲ, ಆದರೆ ಅರ್ಧ. ಉಳಿದ ಅರ್ಧವನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ತೃನ್ಕನು 1912ರಲ್ಲಿ ಪ್ಲ್ಜೆನ್ ನಗರದಲ್ಲಿ ಹುಟ್ಟಿದನು. ತಾಯಿ ಬಟ್ಟೆ ಹೊಲಿದು ಜೀವಿಸುತ್ತಿದ್ದವಳು. ಶಾಲೆಯಲ್ಲಿ ಆತನಿಗೆ ಚಿತ್ರಕಲೆಯನ್ನು ಕಲಿಸಿದವನು ಯೋಸೆಫ್ ಸ್ಕುಪ. ಶ್ಪೇಯ್ಬ್ಲ್, ಹುರ್ವೀನೆಕ್ ಎಂಬ ತಂದೆಮಕ್ಕಳ ಬೊಂಬೆಗಳಿಂದ ದೇಶದಲ್ಲೆಲ್ಲ ಮನೆಮಾತಾದ ಬೊಂಬೆಯಾಟಗಾರನೂ ಇವನೇ. ಗುರುವಿನ ಈ ಎರಡು ವಿದ್ಯೆಗಳೂ ಶಿಷ್ಯನಲ್ಲಿ ಕೊನೆಯವರೆಗೆ ಒಂದಾಗಿ ನಿಂತುವು. ಪ್ರಾಗಿನ ಕಲಾಶಾಲೆಯಲ್ಲಿ ವ್ಯಾಸಂಗವನ್ನು ಮುಗಿಸಿ, 1936ರಲ್ಲಿ ಸ್ವಂತ ಬೊಂಬೆಯ ರಂಗವೊಂದನ್ನು ತೆರೆದನು. ಅದು ಹೆಚ್ಚು ದಿನ ಬಾಳಲಿಲ್ಲ. ಬಳಿಕ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದನು, ನಾಟಕಗಳಿಗೆ ರಂಗಸಜ್ಜನ್ನು ಮಾಡಿದನು. ಮಹಾಯುದ್ಧವು ಮುಗಿದ 1945ರಲ್ಲಿ ಪ್ರಾಗಿನ ಸಜೀವಚಿತ್ರಶಾಲೆಗೆ ಮುಖಂಡನಾಗಿ, ಮೊದಲು ಗೆರೆಯ ಚಿತ್ರಗಳನ್ನು ನಿರ್ಮಿಸಿದನು. ಅವುಗಳಲ್ಲೊಂದಕ್ಕೆ 1946ರಲ್ಲಿ ಕಾನ್ ಉತ್ಸವದ ಬಹುಮಾನವೂ ದೊರೆಯಿತು. ಕೀರ್ತಿಯು ಕೈಗೂಡಿದ ಆ ಹೊತ್ತಿನಲ್ಲಿಯೇ ಅದನ್ನು ಬಿಟ್ಟು ಬೊಂಬೆಗಳ ಕಡೆಗೆ ತಿರುಗಿದನು. ಚೆಕ್ ಹಳ್ಳಿಯ ವರ್ಷಾವರ್ತನೆಯನ್ನೂ ಹಬ್ಬಗಳನ್ನೂ ಆರು ಭಾಗಗಳಲ್ಲಿ ತೋರಿಸುವ ‘ಶ್ಪಾಲೀಚೆಕ್’ (1947) ಈ ದಾರಿಯಲ್ಲಿ ಆತನ ಮೊದಲ ದೊಡ್ಡ ಕೃತಿ.

ಬೊಂಬೆಯ ಚಲಚ್ಚಿತ್ರವು ಹುಟ್ಟುವ ಕ್ರಮವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಕೀಲುಗಳುಳ್ಳ ಬೊಂಬೆಯನ್ನು ಒಂದು ಭಂಗಿಯಲ್ಲಿ ನಿಲ್ಲಿಸಿ ಚಿತ್ರವನ್ನು ತೆಗೆಯುವರು. ಕೂದಲೆಳೆಯಷ್ಟು ಸರಿಸಿ ಮತ್ತೆ ತೆಗೆಯುವರು. ತೆರೆಯ ಮೇಲೆ ಸೆಕೆಂಡಿಗೆ 24 ಚಿತ್ರಗಳು ಹಾಯುವುದರಿಂದ ಬೊಂಬೆಯು ತಾನಾಗಿಯೇ ಚಲಿಸಿದಂತೆ ತೋರುವುದು. ಚಿತ್ರ ಚಿತ್ರಕ್ಕೂ ನಡುವೆ ಮನುಷ್ಯನ ಕೈ ಬಂದುಹೋಗುತ್ತದೆ. ಆದರೆ ತೆರೆಯ ಮೇಲೆ ಅದು ಎಲ್ಲಿಯೂ ಕಾಣದು. ಈ ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವುಂಟು.

ಹಂಗೇರಿಯಲ್ಲಿ ಹುಟ್ಟಿದ ಜಾರ್ಜ್ ಪಾಲನಂಥವರು ನಗುವಿಗೊಂದು ಅಳುವಿಗೊಂದು ತಲೆಯನ್ನು ಕೆತ್ತಿಸಿ ಬದಲಾಯಿಸುತ್ತಿದ್ದರು. ತೃನ್ಕನು ಸಾಮಾನ್ಯವಾಗಿ ಇದನ್ನು ಒಲ್ಲನು. ಆತನ ಬೊಂಬೆಗೆ ಒಂದೇ ಮುಖ. ಕಣ್ಣಿನ ನೋಟವನ್ನೂ ಇಂತಹುದೆಂದು ಗೊತ್ತುಮಾಡದೆ ಬಿಟ್ಟಿರುತ್ತಾನೆ. ತಲೆಯು ತುಸು ಬಾಗಿದರೆ, ಬೆಳಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಿದರೆ, ಅದೇ ಮುಖವು ನಕ್ಕಂತೆಯೂ ನೊಂದಂತೆಯೂ ಕಾಣುವುದು. ಮುಖವು ಹೇಳದೆ ಉಳಿಸಿದುದನ್ನು ನೋಡುವವನ ಹೃದಯವು ತುಂಬಿಕೊಳ್ಳುತ್ತದೆ. ನಮ್ಮ ಆಲಂಕಾರಿಕರು ಧ್ವನಿಯೆಂದು ಕರೆದ ವ್ಯಾಪಾರವು ಇದಲ್ಲದೆ ಬೇರೆಯಲ್ಲ. ಸಾತ್ತ್ವಿಕಾಭಿನಯವು ಬೊಂಬೆಯಲ್ಲಿ ಇಲ್ಲ, ನಿಜ; ಅದು ಸಹೃದಯನಲ್ಲಿ ನಡೆಯುತ್ತದೆ.

ಈ ವಿಧಾನಕ್ಕೆ ಮೇರೆಯೂ ಇದೆ. ಷೇಕ್ಸ್‌ಪಿಯರನ ನಾಟಕವನ್ನು ಆಧರಿಸಿದ ‘ನಡುಬೇಸಗೆಯ ಇರುಳಿನ ಕನಸು’ (1959) ನೋಟಕ್ಕೆ ಆತನ ಅತ್ಯಂತ ವೈಭವದ ಚಿತ್ರ. ಪಾತ್ರಗಳ ಸಂಭಾಷಣೆಯನ್ನು ಬಿಟ್ಟು ಕಥೆಯನ್ನು ನೃತ್ಯದಂಥ ಚಲನೆಗೂ ವಾತ್ಸ್ಲಾವ್ ತ್ರೋಯಾನನ ಸಂಗೀತಕ್ಕೂ ಒಪ್ಪಿಸಿರುವನು. ಕಾಡಿನ ಮಾಯೆಯು ಇದರಿಂದ ಹೆಚ್ಚಿತು. ಆದರೆ ಆ ನಾಲ್ವರು ಪ್ರಣಯಿಗಳ ಭ್ರಾಂತಿಯಿರುವುದು ಅವರ ಮಾತಿನಲ್ಲಿ; ಮಾತು ಹೋದಮೇಲೆ ಅವರು ಸುಂದರವಾದ ನಾಲ್ಕು ಆಕೃತಿಗಳಾಗಿ ಉಳಿಯುತ್ತಾರೆ. ಮೌನವು ಭಾವವನ್ನು ಧ್ವನಿಸಬಲ್ಲದು, ವಾಕ್ಚಾತುರ್ಯವನ್ನು ಧ್ವನಿಸಲಾರದು.

ಮೌನಕ್ಕೆ ತಕ್ಕ ವಸ್ತುವು ಯಾವುದೆಂಬುದು ಆತನಿಗೆ ಬಹು ಹಿಂದೆಯೇ ದೊರೆತಿತ್ತು. ಆಂಡರ್ಸನ್ನನ ಕಥೆಯಿಂದ ಮಾಡಿದ ‘ಚಕ್ರವರ್ತಿಯ ಬುಲ್‌ಬುಲ್’ ಎಂಬ ಚಿತ್ರದಲ್ಲಿ ನಿಜವಾದ ಹಕ್ಕಿಗೂ ಯಂತ್ರದ ಹಕ್ಕಿಗೂ ಸ್ಪರ್ಧೆ. ‘ಯಂತ್ರದ ಅಜ್ಜಿ’ (1962) ಎಂಬುದರಲ್ಲಿ ಮಗುವೊಂದು ಅಕ್ಕರೆಯ ಅಜ್ಜಿಯನ್ನಗಲಿ ಯಂತ್ರದ ಅಜ್ಜಿಯ ಬಳಿ ಇರಬೇಕಾಗುತ್ತದೆ. ಜೀವವುಳ್ಳದ್ದು ಯಾವುದು, ಜೀವವನ್ನು ನಟಿಸುವುದು ಯಾವುದು ಎಂಬುದೇ ಎರಡರ ಪ್ರಶ್ನೆ. ಕೇಳುತ್ತಿರುವುದು ಮಾತ್ರ ತಾನೇ ನಿರ್ಜೀವವಾದ ಬೊಂಬೆ! ತೃನ್ಕನ ಕಲೆಯ ವೈಚಿತ್ರ್ಯವು ಇಲ್ಲಿದೆ.

‘ಕೈ’ (1965) ಈ ಪ್ರಶ್ನೆಯ ಪರ್ಯವಸಾನ. ಕುಂಬಾರನೊಬ್ಬನು ತನ್ನ ಒಂದೇ ಹೂಗಿಡಕ್ಕೆ ಕುಂಡಗಳನ್ನು ಮಾಡುತ್ತ ಸುಖವಾಗಿರುವನು. ದೊಡ್ಡದೊಂದು ಕೈ ಒಳನುಗ್ಗಿ, ಕುಂಡವನ್ನು ಬಿಟ್ಟು ಕೈಯ ಪ್ರತಿಮೆಯನ್ನು ಮಾಡೆನ್ನುತ್ತದೆ. ಅವನು ಒಪ್ಪನು. ಅದು ಪುಸಲಾಯಿಸುತ್ತದೆ, ಬೆದರಿಸುತ್ತದೆ. ಕೊನೆಗೆ ದಾರ ಕಟ್ಟಿ ಪಂಜರದಲ್ಲಿಟ್ಟು ಕೆತ್ತಿಸುತ್ತದೆ. ತಪ್ಪಿಸಿಕೊಂಡು ಮನೆಗೆ ಬಂದು ಬಾಗಿಲನ್ನು ಭದ್ರಪಡಿಸುವಾಗ, ತಾನು ಸಾಕಿದ ಗಿಡದ ಕುಂಡವೇ ತಲೆಯ ಮೇಲೆ ಬಿದ್ದು ಸಾಯುತ್ತಾನೆ. ಆ ಕೈಯೇ ಅವನಿಗೆ ಸಕಲ ಗೌರವದೊಡನೆ ಅಂತ್ಯಕ್ರಿಯೆಯನ್ನು ನಡೆಸುತ್ತದೆ.

ಕೈಯೆಂದರೆ ಪ್ರಭುತ್ವ, ಇದರಲ್ಲಿ ಸಂಶಯವಿಲ್ಲ. ಆದರೆ ಅದು ಬೊಂಬೆಯ ಕೈಯಲ್ಲ, ರಕ್ತಮಾಂಸಗಳ ನಿಜವಾದ ಕೈ ಎಂಬುದನ್ನು ಗಮನಿಸಬೇಕು. ಹಿಂದಿನ ಚಿತ್ರಗಳಲ್ಲಿ ಜೀವವು ಒಳಿತಿನ ಕಡೆಗಿತ್ತು, ಯಂತ್ರವು ಎದುರಿಗಿತ್ತು. ಇಲ್ಲಿ ಜೀವವುಳ್ಳದ್ದೇ ಕ್ರೂರ. ಮರದ ಬೊಂಬೆಯೇ ಮನುಷ್ಯ. ಅಷ್ಟೇ ಅಲ್ಲ, ಚಿತ್ರ ಚಿತ್ರದ ನಡುವೆ ಅಡಗಿದ್ದ ಸೂತ್ರಧಾರನ ಕೈ ಇಲ್ಲಿ ತೆರೆಗೆ ಬಂದಿದೆ. ತನ್ನ ಬಾಳೆಲ್ಲ ಬೊಂಬೆಗಳನ್ನು ಕುಣಿಸಿದ ಕಲಾವಿದನು, ಕುಣಿಸುವ ಕೈಯನ್ನೇ ವಿಚಾರಣೆಗೆ ನಿಲ್ಲಿಸಿರುವನು. ಪರರನ್ನು ದೂರುವ ಅನ್ಯೋಕ್ತಿಗಳು ಬಹಳ. ದೂರಿನಲ್ಲಿ ತನ್ನನ್ನೂ ಸೇರಿಸಿಕೊಳ್ಳುವುದು ವಿರಳ.

ತೃನ್ಕನ ಚಿತ್ರಗಳಿಗೆ ಹಣವನ್ನು ಕೊಟ್ಟುದು ಸರ್ಕಾರವೇ ಅಲ್ಲವೆ, ಎಂಬ ಆಕ್ಷೇಪವುಂಟು. ಅಹುದು. ಚೆಕೊಸ್ಲೊವಾಕಿಯದ ಚಿತ್ರೋದ್ಯಮವು 1945ರಲ್ಲಿಯೇ ರಾಷ್ಟ್ರದ ಸ್ವತ್ತಾಗಿತ್ತು. 1963ರಲ್ಲಿ ಆತನಿಗೆ ‘ರಾಷ್ಟ್ರೀಯ ಕಲಾವಿದ’ ಎಂಬ ಬಿರುದೂ ಸಂದಿತ್ತು. ‘ಕೈ’ ಚಿತ್ರವೂ ಸರ್ಕಾರದ ಚಿತ್ರಶಾಲೆಯಲ್ಲಿಯೇ ಆದುದು. ಆದರೆ ಇದು ಆಕ್ಷೇಪವಲ್ಲ, ಕೃತಿಯ ವಿಷಯವೇ ಇದು. ಅನ್ನವಿಟ್ಟ ಕೈಯನ್ನು ಅರಿತವನಲ್ಲದೆ ಇನ್ನಾರು ಅದನ್ನು ಅಷ್ಟು ನಿಖರವಾಗಿ ಬಿಡಿಸಬಲ್ಲರು? ಆತನು 1969ರ ಡಿಸೆಂಬರಿನಲ್ಲಿ ತೀರಿಕೊಂಡನು. ಬಳಿಕ ಚಿತ್ರವನ್ನು ನಿಷೇಧಿಸಿದರು. ಆ ನಿಷೇಧವು ಸುಮಾರು ಎರಡು ದಶಕಗಳು ನಡೆಯಿತು. ಮೃತನಿಗೆ ಮರ್ಯಾದೆ, ಕೃತಿಗೆ ಸೆರೆ: ಚಿತ್ರದ ಕಡೆಯ ದೃಶ್ಯವನ್ನು ಅಧಿಕಾರಿಗಳೇ ಮತ್ತೊಮ್ಮೆ ಅಭಿನಯಿಸಿದಂತಾಯಿತು. ಕುಂಬಾರನ ಮುಖವು ಮಾತ್ರ ಮೊದಲಿನಿಂದ ಕೊನೆಯವರೆಗೂ ಬದಲಾಗದು. ಅದರಲ್ಲಿ ನಾವು ಕಾಣುವ ದುಃಖವು ನಮ್ಮದೇ.